ಅಂಗವಿಕಲರ ನಿತ್ಯೋಪಯೋಗಿ ಸಾಧನಗಳು

ನಡೆಯಲು, ನೋಡಲು, ಕೇಳಲು, ಮಾತಾಡಲು, ಉಣ್ಣಲು, ಉಡಲು, ಬರೆಯಲು ದೇಹದ ಒಂದು ಅಂಗ ಒದಗದೆ ಹೋದಾಗ, ಆ ಕೆಲಸವನ್ನು ಬೇರೊಂದು ದಾರಿಯಲ್ಲಿ ಮಾಡಿಕೊಳ್ಳಲು ನೆರವಾಗುವ ಉಪಕರಣಗಳು. ಸರ್ಕಾರಿ ಭಾಷೆಯಲ್ಲಿ ಇವಕ್ಕೆ ‘ಸಾಧನ ಸಲಕರಣೆ’ ಎಂಬ ಹೆಸರಿದೆ. ಗಾಲಿಕುರ್ಚಿ, ಊರುಗೋಲು, ಕ್ಯಾಲಿಪರ್, ಕೃತಕ ಕಾಲು, ಬಿಳಿಕೋಲು, ಬ್ರೈಲ್ ಸ್ಲೇಟು, ಶ್ರವಣ ಸಾಧನ ಎಲ್ಲರೂ ಕಂಡಿರುವಂಥವು. ದಪ್ಪ ಹಿಡಿಯ ಚಮಚ, ಕಮೋಡ್ ಕುರ್ಚಿ, ಗುಂಡಿಯ ಬದಲು ವೆಲ್ಕ್ರೋ ಹೊಲಿಸಿದ ಅಂಗಿ, ಮೆತ್ತನೆ ರಬ್ಬರಿನ ಚಪ್ಪಲಿ, ಮೊಬೈಲ್ ಪರದೆಯನ್ನು ಓದಿ ಹೇಳುವ ತಂತ್ರಾಂಶ ಇವೂ ಅದೇ ಸಾಲಿಗೆ ಸೇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಪ್ರಕಟಿಸಿದ 50 ಆದ್ಯತೆಯ ಸಾಧನಗಳ ಪಟ್ಟಿಯಲ್ಲಿ ಕನ್ನಡಕವೂ ಇದೆ. ಕನ್ನಡಕ ಹಾಕಿದವರನ್ನು ಯಾರೂ ತಿರುಗಿ ನೋಡುವುದಿಲ್ಲ. ಗಾಲಿಕುರ್ಚಿಗೂ ಶ್ರವಣ ಸಾಧನಕ್ಕೂ ಆ ಸಹಜತೆ ಇನ್ನೂ ಬಂದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2022ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ 250 ಕೋಟಿಗೂ ಹೆಚ್ಚು ಜನರಿಗೆ ಇಂಥ ಒಂದಾದರೂ ಸಾಧನ ಬೇಕು. ಭಾರತದ 2011ರ ಜನಗಣತಿ ಲೆಕ್ಕ ಹಾಕಿದ ಅಂಗವಿಕಲರ ಸಂಖ್ಯೆ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ. ಅಂದು ಎಣಿಕೆಯಾದ ವೈಕಲ್ಯದ ಬಗೆಗಳು ಕಡಿಮೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸಿದೆ. ವಯಸ್ಸಾಗಿ ಮಂಡಿ, ಕಣ್ಣು, ಕಿವಿ ಸೋತವರನ್ನೂ ಸೇರಿಸಿದರೆ ಈ ಸಾಧನಗಳು ಬೇಕಾಗದ ಮನೆ ಸಿಗುವುದೇ ಕಷ್ಟ.

ಸಾಧನ ಕೈಗೆ ಬಂದರೆ ಕೆಲಸ ಮುಗಿಯಲಿಲ್ಲ. ಅದು ಮೈಯ ಅಳತೆಗೆ ಹೊಂದಬೇಕು, ಬಳಸುವವರ ಮನೆಗೂ ಓಣಿಗೂ ಒಗ್ಗಬೇಕು, ಕೆಟ್ಟರೆ ಹತ್ತಿರದಲ್ಲೇ ರಿಪೇರಿಯಾಗಬೇಕು. ಮೂರರಲ್ಲಿ ಒಂದು ತಪ್ಪಿದರೂ ಎಷ್ಟೇ ಬೆಲೆಯ ಸಾಧನವಾದರೂ ಅಟ್ಟ ಸೇರುತ್ತದೆ.

ಊರುಗೋಲು ಮತ್ತು ಕ್ಯಾಲಿಪರ್

ಊರುಗೋಲಿನಲ್ಲಿ ಕಂಕುಳ ಕೆಳಗೆ ಇಟ್ಟುಕೊಳ್ಳುವುದು, ಮುಂಗೈಗೆ ಪಟ್ಟಿ ಸಿಕ್ಕಿಸಿಕೊಳ್ಳುವುದು ಎಂದು ಎರಡು ಮುಖ್ಯ ಬಗೆ. ಕಂಕುಳ ಊರುಗೋಲಿನ ಮೇಲ್ತುದಿಗೂ ಕಂಕುಳಿಗೂ ನಡುವೆ ಎರಡು ಮೂರು ಬೆರಳಿನಷ್ಟು ಜಾಗ ಬಿಟ್ಟಿರಬೇಕು. ಮೈಭಾರ ಬೀಳಬೇಕಾದ್ದು ಅಂಗೈ ಮೇಲೆ. ಅಳತೆ ತಪ್ಪಿದ ಕೋಲಿಗೆ ಕಂಕುಳು ಒತ್ತಿ ಜೋತು ನಿಂತರೆ ಅಲ್ಲಿಂದ ಕೈಗಿಳಿಯುವ ನರ ಅದುಮಿ ಮಣಿಕಟ್ಟು ಎತ್ತಲಾಗದಂತಾಗುವುದುಂಟು. ಕಾಲಿಗಾಗಿ ಕೊಂಡದ್ದು ಕೈಯನ್ನೂ ಕೆಡಿಸುವ ಈ ಅಪಾಯವನ್ನು ಕೋಲು ಮಾರುವ ಅಂಗಡಿಯಲ್ಲಿ ಹೇಳುವವರು ಅಪರೂಪ. ಕೋಲಿನ ಬುಡದ ರಬ್ಬರ್ ಬುಷ್ ಇನ್ನೊಂದು ಮುಖ್ಯ ಭಾಗ. ಅದು ಸವೆದು ನುಣುಪಾದರೆ ನೀರು ಬಿದ್ದ ರೆಡ್ ಆಕ್ಸೈಡ್ ನೆಲದ ಮೇಲೆ ಕೋಲು ಜಾರಿಬಿಡುತ್ತದೆ. ಬುಷ್ಷಿನ ಬೆಲೆ ಅತ್ಯಲ್ಪ. ಆದರೆ ತಾಲ್ಲೂಕು ಕೇಂದ್ರದ ಎಲ್ಲ ಔಷಧಿ ಅಂಗಡಿಗಳಲ್ಲೂ ಅದು ಸಿಗುವುದಿಲ್ಲ.

ಪೋಲಿಯೊ ಬಂದ ತಲೆಮಾರಿನವರ ಸಂಗಾತಿ ಕ್ಯಾಲಿಪರ್. ತೊಡೆಯಿಂದ ಪಾದದವರೆಗೆ ಕಾಲಿನ ಎರಡೂ ಬದಿ ಇಳಿಯುವ ಲೋಹದ ಪಟ್ಟಿ, ಅದನ್ನು ಹಿಡಿಯುವ ಚರ್ಮದ ಬೆಲ್ಟುಗಳು, ಮಂಡಿಯ ಬಳಿ ಒಂದು ಬೀಗ. ಎದ್ದು ನಿಂತು ಕಾಲು ನೇರ ಮಾಡಿದಾಗ ಲೋಹದ ಉಂಗುರ ಕೆಳಗೆ ಜಾರಿ ಮಂಡಿಯನ್ನು ಬಿಗಿಯುತ್ತದೆ. ಕೂರಬೇಕಾದರೆ ಕೈಯಿಂದ ಎರಡೂ ಉಂಗುರಗಳನ್ನು ಮೇಲೆತ್ತಬೇಕು. ಬಸ್ಸಿನ ಸೀಟಿಗೆ ಬಂದವರು ಕ್ಷಣ ತಡೆದು ಮಂಡಿಯ ಹತ್ತಿರ ಕೈ ಹಾಕುವುದು ಇದಕ್ಕಾಗಿ. ಹಳೆಯ ಕ್ಯಾಲಿಪರ್ ಬೂಟಿಗೇ ಬೆಸೆದಿರುತ್ತಿತ್ತು. ಹೊಸಿಲ ಹೊರಗೆ ಚಪ್ಪಲಿ ಬಿಡುವ ನಾಡಿನಲ್ಲಿ ಇದು ದಿನನಿತ್ಯದ ಸಂಕಟ. ಬೂಟು ಬಿಚ್ಚಿದರೆ ಕಾಲೇ ಇಲ್ಲ, ಬಿಚ್ಚದಿದ್ದರೆ ಮನೆಯೊಳಗೆ, ಗುಡಿಯೊಳಗೆ ಪ್ರವೇಶವಿಲ್ಲ. ಬರಿಗಾಲಿನಲ್ಲೂ ತೊಡಬಹುದಾದ, ಹಗುರ ಪ್ಲಾಸ್ಟಿಕ್ಕಿನ ಕ್ಯಾಲಿಪರ್ ಬಂದ ಮೇಲೆ ಈ ತೊಡಕು ಬಹುಮಟ್ಟಿಗೆ ತಗ್ಗಿತು. ಭಾರತದಲ್ಲಿ ಪೋಲಿಯೊದ ಕೊನೆಯ ಪ್ರಕರಣ ದಾಖಲಾದದ್ದು 2011ರ ಜನವರಿಯಲ್ಲಿ. ಹೊಸ ರೋಗಿಗಳು ಇಲ್ಲವಾದಂತೆ ಕ್ಯಾಲಿಪರ್ ಕಟ್ಟುವ ಕೈಗಳೂ ಕಡಿಮೆಯಾಗುತ್ತಿವೆ. ಹಳಬರಿಗೆ ಮಾತ್ರ ವಯಸ್ಸಾದಂತೆ ಸ್ನಾಯು ಮತ್ತಷ್ಟು ಸೋತು, ಅದರ ಅಗತ್ಯ ಹೆಚ್ಚುತ್ತಲೇ ಇದೆ.

ಕೃತಕ ಕಾಲು

ಪಶ್ಚಿಮದ ದೇಶಗಳಿಂದ ಬಂದ ಕೃತಕ ಪಾದ ಬಿರುಸಾದದ್ದು. ಬೂಟಿನೊಳಗೆ ಅಡಗಿಸಲೆಂದೇ ಮಾಡಿದ್ದು. ಅದನ್ನು ತೊಟ್ಟು ಕುಕ್ಕುರುಗಾಲಲ್ಲಿ ಕೂರಲಾಗದು, ಚಕ್ಕಳಮಕ್ಕಳ ಹಾಕಲಾಗದು, ಗದ್ದೆಯ ಕೆಸರಿಗೆ ಇಳಿಯಲಾಗದು. ಜೈಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆ ವೈದ್ಯ ಪಿ. ಕೆ. ಸೇಠಿ 1968ರ ಸುಮಾರಿಗೆ ರೂಪಿಸಿದ ಜೈಪುರ ಕಾಲು ಈ ಕೊರತೆಗಳಿಗೆ ಕೊಟ್ಟ ಉತ್ತರ. ಮರದ ತುಂಡು, ಸ್ಪಂಜು ರಬ್ಬರು, ಟೈರಿಗೆ ಬಳಸುವ ಹುರಿ ಇವನ್ನು ಅಚ್ಚಿನಲ್ಲಿಟ್ಟು ಬೇಯಿಸಿ, ಹೊರಗೆ ಮೈಬಣ್ಣದ ರಬ್ಬರು ಹೊದಿಸಿದ ಪಾದ ಅದು. ಎಲ್ಲ ದಿಕ್ಕಿಗೂ ಮಣಿಯುತ್ತದೆ, ನೀರಿಗೆ ಅಂಜುವುದಿಲ್ಲ, ಬೆರಳುಗಳ ಆಕಾರವಿರುವುದರಿಂದ ಬರಿಗಾಲಲ್ಲಿ ನಡೆದರೂ ಎದ್ದು ಕಾಣುವುದಿಲ್ಲ. 1975ರಲ್ಲಿ ಆರಂಭವಾದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಇದನ್ನು ಉಚಿತವಾಗಿ ಹಂಚುತ್ತ ಬಂದಿದೆ. ಕಾಲಿನ ನಳಿಗೆಗೆ ಮೊದಲು ಅಲ್ಯೂಮಿನಿಯಂ ಬಳಸುತ್ತಿದ್ದರು; ಆಮೇಲೆ ನೀರಿನ ಪೈಪಿಗೆ ಬಳಸುವ ಎಚ್‌ಡಿಪಿಇ ಪ್ಲಾಸ್ಟಿಕ್ ಬಂತು. ಪೈಪನ್ನು ಒಲೆಯಲ್ಲಿ ಮೆತ್ತಗಾಗಿಸಿ, ಮೊಂಡುಗಾಲಿನ ಅಚ್ಚಿನ ಮೇಲೆ ಎಳೆದು ಕೂರಿಸುತ್ತಾರೆ. ಊಟ, ಕಕ್ಕಸು, ಪೂಜೆ, ಬೇಸಾಯ ನೆಲದ ಮೇಲೆಯೇ ನಡೆಯುವ ಬದುಕನ್ನು ಕಂಡು ಮಾಡಿದ ಸಾಧನವಾದ್ದರಿಂದಲೇ ಅದು ಇಷ್ಟು ದೂರ ಬಾಳಿ ಬಂತು.

ಶಸ್ತ್ರಚಿಕಿತ್ಸೆಯಾದ ಮೊದಲ ತಿಂಗಳುಗಳಲ್ಲಿ ಮೊಂಡುಗಾಲು ಬತ್ತುತ್ತ ಹೋಗುತ್ತದೆ. ಹೊಂದಿ ಕೂತಿದ್ದ ನಳಿಗೆ ಸಡಿಲವಾಗುತ್ತದೆ. ಒಂದರ ಮೇಲೊಂದು ಕಾಲುಚೀಲ ಹಾಕಿ ಕೆಲಕಾಲ ಸುಧಾರಿಸಿದರೂ ಕೊನೆಗೆ ನಳಿಗೆ ಹೊಸದಾಗಿಯೇ ಬೇಕು. ಮೊದಲ ಸಲ ಕಾಲು ಕೊಡಿಸಿದವರು ಎರಡನೆಯ ಸಲಕ್ಕೂ ದಾರಿ ತೋರಿಸಿರಬೇಕು. ಮಂಡಿಯ ಮೇಲೆ ಕಾಲು ತುಂಡಾದವರಿಗೆ ಕೃತಕ ಮಂಡಿಯೂ ಬೇಕಾಗುತ್ತದೆ. ಒಂದೇ ತಿರುಗಣಿಯ ಅಗ್ಗದ ಮಂಡಿ ನಡೆಯುವಾಗ ಥಟ್ಟನೆ ಮಡಚಿ ಬೀಳಿಸುವುದುಂಟು. ಐಐಟಿ ಮದ್ರಾಸ್, ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಮತ್ತು ಸೊಸೈಟಿ ಫಾರ್ ಬಯೋಮೆಡಿಕಲ್ ಟೆಕ್ನಾಲಜಿ (ಎಸ್‌ಬಿಎಂಟಿ) 2022ರಲ್ಲಿ ಹೊರತಂದ ‘ಕದಮ್’ ಹಲವು ತಿರುಗಣಿಗಳಿರುವ ಮಂಡಿ. ಅದು 160 ಡಿಗ್ರಿವರೆಗೆ ಬಾಗುತ್ತದೆ. ಬಸ್ಸಿನ ಇಕ್ಕಟ್ಟು ಸೀಟಿನಲ್ಲಿ, ಆಟೋ ಒಳಗೆ ಕಾಲು ಮಡಚಿ ಕೂರಬಲ್ಲವರಿಗೆ ಆ ಸಂಖ್ಯೆಯ ಬೆಲೆ ಗೊತ್ತು.

ಗಾಲಿಕುರ್ಚಿ, ಮೂರುಗಾಲಿ ಸೈಕಲ್, ಸೈಡ್ ವೀಲ್ ಸ್ಕೂಟರ್

ಮಡಚುವ ಗಾಲಿಕುರ್ಚಿ 1930ರ ದಶಕದ್ದು. ಗಣಿ ಅಪಘಾತದಲ್ಲಿ ಬೆನ್ನು ಮುರಿದಿದ್ದ ಅಮೆರಿಕದ ಹರ್ಬರ್ಟ್ ಎವರೆಸ್ಟ್ ಮತ್ತು ಅವರ ಎಂಜಿನಿಯರ್ ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಕಾರಿನಲ್ಲಿ ಒಯ್ಯಬಹುದಾದ ಕುರ್ಚಿ ಕಟ್ಟಿದರು. ನಮ್ಮ ಆಸ್ಪತ್ರೆಗಳ ವರಾಂಡದಲ್ಲಿ ಕಾಣುವ ಕುರ್ಚಿ ಅದರದೇ ಸಂತತಿ. ಅದು ರೋಗಿಯನ್ನು ಇನ್ನೊಬ್ಬರು ತಳ್ಳಿಕೊಂಡು ಹೋಗಲು ಸರಿ. ಇಡೀ ದಿನ ಅದರಲ್ಲೇ ಕೂತು ಬದುಕುವವರಿಗೆ ತಕ್ಕದ್ದಲ್ಲ. ಆಸನ ಅಗಲವಾದರೆ ಮೈ ಒಂದು ಕಡೆಗೆ ವಾಲಿ ಬೆನ್ನುಮೂಳೆ ಸೊಟ್ಟಗಾಗುತ್ತದೆ, ಗಾಲಿಯ ಬಳೆ ಕೈಗೆ ಎಟುಕುವುದಿಲ್ಲ. ಆಸನ ಉದ್ದವಾದರೆ ಅಂಚು ಮಂಡಿಯ ಹಿಂಬದಿ ಒತ್ತುತ್ತದೆ. ಪಕ್ಕದ ತೋಳು ಕಳಚುವಂತಿದ್ದರೆ ಮಂಚಕ್ಕೆ, ಕಮೋಡಿಗೆ ಸರಿದುಕೊಂಡು ಹೋಗಬಹುದು. ಬೆಸೆದಿದ್ದರೆ ಇಬ್ಬರು ಎತ್ತಬೇಕು. ಮುಂದಿನ ಚಿಕ್ಕ ಗಾಲಿಗಳು ಆಸ್ಪತ್ರೆಯ ಟೈಲ್ಸ್ ಮೇಲೆ ಸಲೀಸಾಗಿ ಓಡುತ್ತವೆ, ಹಳ್ಳಿಯ ಮಣ್ಣುದಾರಿಯಲ್ಲಿ ಹೂತುಹೋಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಮಾರ್ಗಸೂಚಿ ಕುರ್ಚಿಯೊಂದಿಗೆ ಅಳತೆ, ಹೊಂದಿಕೆ, ತರಬೇತಿ ಮತ್ತು ದುರಸ್ತಿಯೂ ಬರಬೇಕೆಂದು ಹೇಳುತ್ತದೆ.

ಕುರ್ಚಿಯಷ್ಟೇ ಮುಖ್ಯವಾದದ್ದು ದಿಂಬು. ಬೆನ್ನುಹುರಿಗೆ ಪೆಟ್ಟಾದವರಿಗೆ ಪೃಷ್ಠದಲ್ಲಿ ಸ್ಪರ್ಶವಿರುವುದಿಲ್ಲ. ನಮಗೆ ಜೋಮು ಹಿಡಿದರೆ ತಿಳಿಯದೆಯೇ ಹೊರಳುತ್ತೇವೆ; ಅವರಿಗೆ ಆ ಸೂಚನೆ ಬಾರದು. ಒತ್ತಡಕ್ಕೆ ರಕ್ತ ನಿಂತು ಹುಣ್ಣಾಗಿ ಮೂಳೆಯವರೆಗೂ ಇಳಿದು ಜೀವಕ್ಕೇ ಎರವಾಗುವುದುಂಟು. ಆದ್ದರಿಂದ ಒತ್ತಡ ಹಂಚುವ ದಿಂಬು ಹಾಕುವುದು, ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಕೈಯೂರಿ ಮೈ ಎತ್ತುವುದು ಅಥವಾ ಮುಂದಕ್ಕೆ ಬಾಗುವುದು, ದಿನಕ್ಕೊಮ್ಮೆ ಕನ್ನಡಿ ಹಿಡಿದು ಚರ್ಮ ನೋಡಿಕೊಳ್ಳುವುದು ಅಗತ್ಯ. ದಿಂಬಿಲ್ಲದೆ ಕುರ್ಚಿ ಹಂಚುವ ಪದ್ಧತಿ ನಿಲ್ಲಲೇಬೇಕು.

ಕುರ್ಚಿ ಮನೆಯೊಳಗೆ ಬರಲು ಹೊಸಿಲು ದಾಟಬೇಕು. ಇಳಿಜಾರಿನ ನಿಯಮ ಒಂದಕ್ಕೆ ಹನ್ನೆರಡು. ಅಂದರೆ ಒಂದು ಅಡಿ ಎತ್ತರದ ಜಗಲಿಗೆ ಹನ್ನೆರಡು ಅಡಿ ಉದ್ದದ ರ‍್ಯಾಂಪು. ಬ್ಯಾಂಕು, ಕಚೇರಿಗಳ ಮುಂದೆ ಹೆಸರಿಗೆಂದು ಕಟ್ಟಿದ ಕಡಿದಾದ ರ‍್ಯಾಂಪಿನಲ್ಲಿ ಒಬ್ಬರೇ ಹತ್ತಲು ಹೋದರೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ.

ಹಳ್ಳಿಗಳಲ್ಲಿ ಗಾಲಿಕುರ್ಚಿಗಿಂತ ಹೆಚ್ಚು ಓಡಾಡುವುದು ಕೈಯಿಂದ ಚೈನು ತಿರುಗಿಸುವ ಮೂರುಗಾಲಿ ಸೈಕಲ್. ಮುಂದೆ ಎತ್ತರದ ಪೆಡಲು, ಹಿಂದೆ ಸಾಮಾನಿಗೆ ಜಾಗ. ಅದರ ಟೈರು, ಟ್ಯೂಬು, ಚೈನು ಹೆಚ್ಚುಕಡಿಮೆ ಮಾಮೂಲಿ ಸೈಕಲ್ಲಿನವೇ ಆದ್ದರಿಂದ ಯಾವ ಊರಿನ ಸೈಕಲ್ ಶಾಪ್‌ನಲ್ಲೂ ಪಂಕ್ಚರ್ ಹಾಕಿಸಬಹುದು. ಅದು ಇಷ್ಟು ವರ್ಷ ಉಳಿದಿರುವುದಕ್ಕೆ ನಿಜವಾದ ಕಾರಣ ಇದು. ಬ್ಯಾಟರಿ ಸೈಕಲ್ ಬಂದ ಮೇಲೆ ತೋಳಿಗೆ ವಿರಾಮ ಸಿಕ್ಕಿತು. ಆದರೆ ಬ್ಯಾಟರಿ ಸತ್ತಾಗ ಹೊಸದರ ಬೆಲೆ ಹೊಂಚಲಾಗದೆ ಗಾಡಿಗಳು ಗೋಡೆಗೊರಗಿ ನಿಂತಿವೆ. ಗೇರಿಲ್ಲದ ಸ್ಕೂಟರಿನ ಹಿಂಗಾಲಿಗೆ ಎರಡೂ ಬದಿ ಸೈಡ್ ವೀಲ್ ಕಟ್ಟಿಸುವುದು ಪಟ್ಟಣಗಳಲ್ಲಿ ರೂಢಿ. ಕರ್ನಾಟಕ ಸರ್ಕಾರವೂ ಇಂಥ ಯಂತ್ರಚಾಲಿತ ವಾಹನಗಳನ್ನು ವಿತರಿಸುತ್ತದೆ. ಐಐಟಿ ಮದ್ರಾಸ್‌ನ ಸಂಶೋಧನೆಯಿಂದ ಹುಟ್ಟಿದ ‘ನಿಯೋಬೋಲ್ಟ್’ ಗಾಲಿಕುರ್ಚಿಯ ಮುಂದಕ್ಕೆ ಸಿಕ್ಕಿಸುವ ಮೋಟಾರು ಗಾಲಿ. ರಸ್ತೆಯಲ್ಲಿ ಅದು ಸ್ಕೂಟರು, ಬಾಗಿಲಲ್ಲಿ ಕಳಚಿದರೆ ಮತ್ತೆ ಗಾಲಿಕುರ್ಚಿ.

ಕಣ್ಣು ಕಾಣದವರ ಸಾಧನಗಳು

ಬಿಳಿಕೋಲಿನ ಬಣ್ಣ ನೋಡುವವರಿಗಾಗಿ, ಉದ್ದ ಹಿಡಿದವರಿಗಾಗಿ. ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿ ದೃಷ್ಟಿ ಕಳೆದುಕೊಂಡ ಜೇಮ್ಸ್ ಬಿಗ್ಸ್ 1921ರಲ್ಲಿ ವಾಹನದವರಿಗೆ ಕಾಣಲೆಂದು ತಮ್ಮ ಕೋಲಿಗೆ ಬಿಳಿ ಬಳಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ರಿಚರ್ಡ್ ಹೂವರ್ ಕುರುಡಾದ ಸೈನಿಕರಿಗೆ ಎದೆಯೆತ್ತರದ ಉದ್ದ ಕೋಲು ಕೊಟ್ಟು, ಹೆಜ್ಜೆಗೊಮ್ಮೆ ಎಡ ಬಲ ತಟ್ಟುತ್ತ ನಡೆಯುವ ಕ್ರಮ ಕಲಿಸಿದರು. ಎಡಗಾಲು ಮುಂದಿಡುವಾಗ ಕೋಲು ಬಲಕ್ಕೆ, ಬಲಗಾಲಿಗೆ ಎಡಕ್ಕೆ. ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ಮುಟ್ಟಿ ನೋಡಿರುತ್ತದೆ. ಈ ನಡಿಗೆಯನ್ನು ಕಲಿಸದೆ ಬಿಳಿಕೋಲು ದಿನದಂದು ಮಡಚುವ ಕೋಲು ಹಂಚಿ ಕಳುಹಿಸಿದರೆ ಅರ್ಧವೂ ಕೊಟ್ಟಂತಾಗಲಿಲ್ಲ. ಕೋಲಿಗೆ ನೆಲದ ಗುಂಡಿ ತಿಳಿಯುತ್ತದೆ, ನಿಂತ ಲಾರಿಯ ಹಿಂಬಾಗಿಲು, ಬಾಗಿದ ಕೊಂಬೆ, ಅಂಗಡಿಯ ತಗಡಿನ ಬೋರ್ಡು ತಿಳಿಯುವುದಿಲ್ಲ. ಐಐಟಿ ದೆಹಲಿ ರೂಪಿಸಿ 2014ರಲ್ಲಿ ಮಾರುಕಟ್ಟೆಗೆ ಬಂದ ಸ್ಮಾರ್ಟ್‌ಕೇನ್ ಮಾಮೂಲಿ ಕೋಲಿಗೆ ಕೂರಿಸುವ ಹಿಡಿ. ಶ್ರವಣಾತೀತ ಧ್ವನಿ ಕಳಿಸಿ, ಮೂರು ಮೀಟರ್‌ವರೆಗೆ ಮಂಡಿಯಿಂದ ತಲೆಯ ಎತ್ತರದ ಅಡ್ಡಿಗಳನ್ನು ಕಂಪನದಿಂದ ಬೆರಳಿಗೆ ತಿಳಿಸುತ್ತದೆ. ನಮ್ಮ ಮೆಟ್ರೊ ನಿಲ್ದಾಣಗಳ ಉಬ್ಬುಗೆರೆಯ ಹಳದಿ ಟೈಲ್ಸ್ ಕೂಡ ಈ ವ್ಯವಸ್ಥೆಯ ಭಾಗ; ಜಪಾನಿನ ಸೇಯಿಚಿ ಮಿಯಾಕೆ ಅವರ ಈ ಕಲ್ಪನೆ 1967ರಲ್ಲಿ ಒಕಯಾಮದ ರಸ್ತೆಯಲ್ಲಿ ಮೊದಲು ಬಳಕೆಗೆ ಬಂತು. ಅದರ ಮೇಲೆ ಬೈಕ್ ನಿಲ್ಲಿಸುವುದು ಒಬ್ಬರ ದಾರಿಯನ್ನೇ ಮುಚ್ಚಿದಂತೆ.

ಫ್ರಾನ್ಸಿನ ಲೂಯಿ ಬ್ರೈಲ್ (1809-1852) ಹದಿನೈದರ ವಯಸ್ಸಿನಲ್ಲಿ ರೂಪಿಸಿದ ಆರು ಚುಕ್ಕಿಯ ಲಿಪಿಯನ್ನು ಭಾರತದ ಭಾಷೆಗಳಿಗೆಲ್ಲ ಒಂದೇ ನೆಲೆಯಲ್ಲಿ ಹೊಂದಿಸಿದ್ದು 1951ರ ಭಾರತಿ ಬ್ರೈಲ್. ಹಿಂದಿಯ ‘ಕ’ ಮತ್ತು ಕನ್ನಡದ ‘ಕ’ ಅದರಲ್ಲಿ ಒಂದೇ: ಒಂದು ಮತ್ತು ಮೂರನೆಯ ಚುಕ್ಕಿ. ಒತ್ತಕ್ಷರವನ್ನು ಕೆಳಗೆ ಬರೆಯಲು ಎಡೆಯಿಲ್ಲದ್ದರಿಂದ ನಾಲ್ಕನೆಯ ಚುಕ್ಕಿಯೊಂದನ್ನು ಮುಂದಿಟ್ಟು ಎರಡು ವ್ಯಂಜನ ಜೋಡಿಸುತ್ತಾರೆ. ‘ಕನ್ನಡ’ ಬರೆಯಲು ಐದು ಮನೆ ಬೇಕು: ಕ, ಜೋಡಿಸುವ ಚುಕ್ಕಿ, ನ, ನ, ಡ. ಸ್ಲೇಟಿನಲ್ಲಿ ದಪ್ಪ ಹಾಳೆ ಸಿಕ್ಕಿಸಿ ಮೊಳೆಯಂಥ ಸ್ಟೈಲಸ್‌ನಿಂದ ಚುಚ್ಚುವಾಗ ಬಲದಿಂದ ಎಡಕ್ಕೆ, ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು. ಚುಕ್ಕಿ ಉಬ್ಬುವುದು ಹಾಳೆಯ ಆಚೆ ಬದಿಯಲ್ಲಿ. ಹಾಳೆ ಮಗುಚಿದಾಗ ಓದು ಎಡದಿಂದ ಬಲಕ್ಕೆ ಬರುತ್ತದೆ. ಮಕ್ಕಳು ಇದನ್ನು ಬೇಗನೆ ಕಲಿಯುತ್ತಾರೆ. ಲೆಕ್ಕಕ್ಕೆ ಟೇಲರ್ ಫ್ರೇಮ್ ಮತ್ತು ಅಬಾಕಸ್, ಬೇಗ ಬರೆಯಲು ಆರು ಕೀಲಿಯ ಪರ್ಕಿನ್ಸ್ ಬ್ರೈಲರ್ ಇವೆ.

ಈಗ ಓದು ಬಹುಪಾಲು ಕಿವಿಗೆ ಬಂದಿದೆ. ಆಸ್ಟ್ರೇಲಿಯಾದಲ್ಲಿ 2006ರಲ್ಲಿ ದೃಷ್ಟಿಹೀನರೇ ಬರೆಯತೊಡಗಿದ ಉಚಿತ ತಂತ್ರಾಂಶ ಎನ್‌ವಿಡಿಎ ಕಂಪ್ಯೂಟರಿನಲ್ಲಿ ಕನ್ನಡ ಓದುತ್ತದೆ. ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್ ಬೆರಳಿಟ್ಟಲ್ಲಿ ಏನಿದೆಯೆಂದು ಹೇಳುತ್ತದೆ. ಆದರೆ ಇವೆರಡೂ ಓದಲು ಪಠ್ಯ ಯೂನಿಕೋಡ್‌ನಲ್ಲಿ ಇರಬೇಕು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಾದ ಕಡತದಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಯಂತ್ರ ಅದನ್ನು ಅರ್ಥವಿಲ್ಲದ ಸದ್ದಿನಂತೆ ಉಸುರುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಅದಕ್ಕೆ ಬರೀ ಚಿತ್ರ. ಹತ್ತಾರು ವರ್ಷಗಳ ಕನ್ನಡ ಪಠ್ಯ, ಸುತ್ತೋಲೆ, ಪ್ರಶ್ನೆಪತ್ರಿಕೆಗಳು ಹೀಗೆ ಮುಚ್ಚಿದ ಬಾಗಿಲಿನ ಹಿಂದೆ ಉಳಿದಿವೆ. ಕನ್ನಡದಲ್ಲಿ ಪ್ರಕಟಿಸುವ ಪ್ರತಿಯೊಬ್ಬರೂ ಯೂನಿಕೋಡ್‌ನಲ್ಲಿ ಪ್ರಕಟಿಸಿದರೆ ಒಂದು ಪೈಸೆ ಖರ್ಚಿಲ್ಲದೆ ಅಂಧ ಓದುಗರಿಗೆ ಗ್ರಂಥಾಲಯ ತೆರೆದುಕೊಳ್ಳುತ್ತದೆ.

ಹಣವೂ ನಿತ್ಯದ ಸಮಸ್ಯೆ. ಈಗಿನ 100, 200, 500 ರೂಪಾಯಿ ನೋಟುಗಳ ಉದ್ದ 142, 146, 150 ಮಿಲಿಮೀಟರ್. ಅಗಲ ಒಂದೇ. ನಾಲ್ಕು ಮಿಲಿಮೀಟರ್ ವ್ಯತ್ಯಾಸವನ್ನು ಬೆರಳಲ್ಲಿ ಅಳೆಯಲು ಹೊಸ ನೋಟಾದರೂ ಕಷ್ಟ. ಅಂಚಿನ ಉಬ್ಬುಗೆರೆ 500ಕ್ಕೆ ಐದು, 100ಕ್ಕೆ ನಾಲ್ಕು. ಕೈಯಿಂದ ಕೈಗೆ ಹೋಗಿ ಮೆತ್ತಗಾದ ನೋಟಿನಲ್ಲಿ ಅದೂ ಅಳಿದಿರುತ್ತದೆ. ರಿಸರ್ವ್ ಬ್ಯಾಂಕ್ 2020ರ ಜನವರಿ 1ರಂದು ಬಿಡುಗಡೆ ಮಾಡಿದ ‘ಮಣಿ’ ಆ್ಯಪ್ ಫೋನಿನ ಕ್ಯಾಮೆರಾದಿಂದ ನೋಟು ಗುರುತಿಸಿ ಹೇಳುತ್ತದೆ.

ಕಿವಿ ಮತ್ತು ಮಾತು

ಜನ ‘ಕಿವಿ ಮಷೀನು’ ಎನ್ನುವ ಶ್ರವಣ ಸಾಧನ ಜೇಬಿನ ಪೆಟ್ಟಿಗೆ ಮತ್ತು ತಂತಿಯಿಂದ ಕಿವಿಯ ಹಿಂದಿನ ಪುಟ್ಟ ಡಿಜಿಟಲ್ ಯಂತ್ರಕ್ಕೆ ಇಳಿದಿದೆ. ಎಲ್ಲ ಸದ್ದನ್ನೂ ಜೋರು ಮಾಡಿದರೆ ಸಾಲದು; ಯಾವ ಸ್ವರಮಟ್ಟ ಎಷ್ಟು ಕೇಳದೆಂದು ಪರೀಕ್ಷಿಸಿ ಅಷ್ಟಕ್ಕೆ ಹೊಂದಿಸಬೇಕು. ಅದಕ್ಕೇ ಪರೀಕ್ಷೆಯಿಲ್ಲದೆ ಅಂಗಡಿಯಿಂದ ಕೊಂಡ ಯಂತ್ರ ಗದ್ದಲವೆಬ್ಬಿಸಿ ತಲೆನೋವು ತರುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶಕ್ಕೇ ಗುರುಮನೆ. ಕಿವಿಯ ಅಚ್ಚು ತೆಗೆದು ಮಾಡುವ ಮೋಲ್ಡ್ ಸಡಿಲವಾದರೆ ಯಂತ್ರ ಸಿಳ್ಳೆ ಹಾಕುತ್ತದೆ. ಮಕ್ಕಳ ಕಿವಿ ಬೆಳೆಯುವುದರಿಂದ ಮೋಲ್ಡನ್ನು ಆಗಾಗ ಹೊಸದಾಗಿ ಮಾಡಿಸಬೇಕು. ಸತುವಿನ ಚಿಕ್ಕ ಬ್ಯಾಟರಿ ಗಾಳಿಯ ಆಮ್ಲಜನಕದಿಂದ ನಡೆಯುತ್ತದೆ. ಮೇಲಿನ ಅಂಟುಚೀಟಿ ಕಿತ್ತೊಡನೆ ಅದರ ಆಯುಸ್ಸು ಶುರು; ಮತ್ತೆ ಅಂಟಿಸಿದರೂ ಉಳಿಯುವುದಿಲ್ಲ. ಕರಾವಳಿಯ ಸೆಕೆ, ಮಲೆನಾಡಿನ ಮಳೆಗಾಲದಲ್ಲಿ ಯಂತ್ರವನ್ನು ರಾತ್ರಿ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಟ್ಟರೆ ಬಾಳಿಕೆ ಬರುತ್ತದೆ. ಸನ್ನೆ ಭಾಷೆಯವರಿಗೆ ಎಲ್ಲಕ್ಕಿಂತ ದೊಡ್ಡ ಸಾಧನವಾಗಿ ಒದಗಿದ್ದು ವಿಡಿಯೊ ಕಾಲ್. ಮಾತು ಬಾರದ ಮಕ್ಕಳಿಗೆ ಊಟ, ನೀರು, ನೋವು, ಬೇಡ ಎಂಬಂಥವನ್ನು ತೋರಿಸಲು ಚಿತ್ರಫಲಕವನ್ನು ಮನೆಯಲ್ಲೇ ರಟ್ಟಿನಿಂದ ಮಾಡಿಕೊಳ್ಳಬಹುದು.

ಅಡುಗೆಮನೆ, ಬಚ್ಚಲು, ಉಡುಗೆ

ಶಿಬಿರಗಳಲ್ಲಿ ಹಂಚಲಾಗದ, ಫೋಟೊಗೆ ಒದಗದ ಈ ಚಿಕ್ಕ ಸಾಧನಗಳೇ ದಿನವನ್ನು ನಡೆಸುವಂಥವು. ಪಾರ್ಶ್ವವಾಯುವಿನಿಂದ ಒಂದು ಕೈ ಸೋತವರಿಗೆ ಚಾಕುವಿಗಿಂತ ಈಳಿಗೆಮಣೆ ಅನುಕೂಲ. ಅಲಗು ನಿಂತಲ್ಲೇ ನಿಂತಿರುತ್ತದೆ, ತರಕಾರಿಯೊಂದನ್ನೇ ಸರಿಸಿದರೆ ಸಾಕು. ಅದನ್ನು ಮೇಜಿಗೆ ಗಟ್ಟಿಯಾಗಿ ಕೂರಿಸಿಕೊಂಡರೆ ನೆಲದ ಮೇಲೆ ಕೂರಬೇಕಿಲ್ಲ. ಹಲಗೆಗೆ ಎರಡು ಸ್ಟೀಲ್ ಮೊಳೆ ಬಡಿದು ಈರುಳ್ಳಿಯನ್ನು ಚುಚ್ಚಿಟ್ಟು ಹೆಚ್ಚುವುದು ಇನ್ನೊಂದು ಉಪಾಯ. ಬಿಗಿಹಿಡಿತ ಇಲ್ಲದವರ ಚಮಚದ ಹಿಡಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ದಪ್ಪ ಮಾಡಬಹುದು. ಬೆರಳೇ ಮಡಚದವರಿಗೆ ಅಂಗೈ ಸುತ್ತ ಪಟ್ಟಿ ಕಟ್ಟಿ ಅದರ ಜೇಬಿಗೆ ಚಮಚವನ್ನೋ ಪೆನ್ನನ್ನೋ ಸಿಕ್ಕಿಸುತ್ತಾರೆ. ತಟ್ಟೆಯ ಅಂಚು ಎತ್ತರವಿದ್ದರೆ ಅನ್ನ ಹೊರಚೆಲ್ಲದು. ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡವರಿಗೆ ಬಿಸಿ ಲೋಟ ಸುಟ್ಟದ್ದೂ ತಿಳಿಯುವುದಿಲ್ಲ. ಮರದ ಹಿಡಿಯ ಪಾತ್ರೆ ಅವರ ಬೆರಳುಗಳನ್ನು ಉಳಿಸುತ್ತದೆ. ಅವರಿಗೂ ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೂ ಎಂಸಿಆರ್ ಎಂಬ ಮೆತ್ತನೆ ರಬ್ಬರಿನ ಚಪ್ಪಲಿ ಬೇಕು. ಅದಕ್ಕೆ ಮೊಳೆ ಹೊಡೆಯಬಾರದು, ಅಂಟಿಸಿ ಹೊಲಿಯಬೇಕು.

ಬಚ್ಚಲಲ್ಲಿ ಗೋಡೆಗೆ ಭದ್ರವಾಗಿ ಕೂರಿಸಿದ ಹಿಡಿಕಂಬಿ, ಜಾರದ ಮ್ಯಾಟು, ಸ್ನಾನದ ಸ್ಟೂಲು ಇದ್ದರೆ ಬೀಳುವ ಭಯ ತಗ್ಗುತ್ತದೆ. ನೆಲಮಟ್ಟದ ಕಕ್ಕಸಿನ ಮೇಲೆ ನಡುವೆ ತೂತಿರುವ ಕುರ್ಚಿ ಇಟ್ಟುಕೊಳ್ಳುವುದು ಹಳ್ಳಿ ಮನೆಗಳಲ್ಲಿ ಅಗ್ಗದ ಪರಿಹಾರ. ಪ್ಲಾಸ್ಟಿಕ್ ಕುರ್ಚಿ ಕತ್ತರಿಸಿ ಮಾಡಿದ್ದು ಭಾರಕ್ಕೆ ಸೀಳಬಹುದು. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಚೌಕಟ್ಟು ಕಟ್ಟಿಸುವುದು ಲೇಸು. ಹೆಣ್ಣುಮಕ್ಕಳಿಗೆ ಇನ್ನೊಬ್ಬರ ನೆರವಿಲ್ಲದೆ ಬಚ್ಚಲಿಗೆ ಹೋಗಿಬರಲಾಗುವುದೇ ಶಾಲೆಗೆ, ಕೆಲಸಕ್ಕೆ ಹೋಗುವ ತೀರ್ಮಾನವನ್ನು ನಿರ್ಧರಿಸುತ್ತದೆ. ಮೊದಲೇ ನೆರಿಗೆ ಹೊಲಿಸಿದ ಸೀರೆ, ಮುಂದೆ ತೆರೆಯುವ ನೈಟಿ, ಬಳೆ ಸಿಕ್ಕಿಸಿದ ಜಿಪ್ಪು, ಇವನ್ನೆಲ್ಲ ಪಕ್ಕದ ಟೈಲರೇ ಮಾಡಿಕೊಡಬಲ್ಲರು.

ದೊರೆಯುವ ಬಗೆ

ಕೇಂದ್ರ ಸರ್ಕಾರದ ಎಡಿಐಪಿ ಯೋಜನೆ 1981ರಿಂದ ನಡೆಯುತ್ತಿದ್ದು, ಆದಾಯಮಿತಿಯೊಳಗಿನವರಿಗೆ ಸಾಧನಗಳನ್ನು ಉಚಿತವಾಗಿ ಅಥವಾ ರಿಯಾಯಿತಿಯಲ್ಲಿ ಕೊಡುತ್ತದೆ. ಅವುಗಳಲ್ಲಿ ಬಹುಪಾಲನ್ನು ತಯಾರಿಸುವುದು 1972ರಲ್ಲಿ ಕಾನ್ಪುರದಲ್ಲಿ ಸ್ಥಾಪನೆಯಾದ ಅಲಿಮ್ಕೊ. ಬೆಂಗಳೂರಿನಲ್ಲೂ ಅದರ ಘಟಕವಿದೆ. ಒಮ್ಮೆ ನೆರವು ಪಡೆದವರು ಸಾಮಾನ್ಯವಾಗಿ ಮೂರು ವರ್ಷ, ಹನ್ನೆರಡರೊಳಗಿನ ಮಕ್ಕಳಾದರೆ ಒಂದು ವರ್ಷ ಕಾಯಬೇಕು. ದಿನವೂ ಕಲ್ಲುದಾರಿಯಲ್ಲಿ ಓಡುವ ಗಾಲಿಯ ಟೈರು ಅಷ್ಟು ದಿನ ಬಾರದು. ಯೋಜನೆಗಳಲ್ಲಿ ಬಿಡಿಭಾಗಕ್ಕೂ ದುರಸ್ತಿಗೂ ಹಣ ಇಡುವುದು ಹೊಸ ಸಾಧನ ಕೊಡುವಷ್ಟೇ ಅಗತ್ಯ. 2017ರಲ್ಲಿ ಜಿಎಸ್‌ಟಿ ಬಂದಾಗ ಶ್ರವಣ ಸಾಧನಕ್ಕೆ ವಿನಾಯಿತಿ ಸಿಕ್ಕಿತು. ಗಾಲಿಕುರ್ಚಿಗೂ ಬ್ರೈಲ್ ಉಪಕರಣಗಳಿಗೂ ಶೇ. 5 ತೆರಿಗೆ ಬಿತ್ತು. ನಡೆಯುವುದಕ್ಕೂ ಓದುವುದಕ್ಕೂ ತೆರಿಗೆಯೇ ಎಂದು ಅಂಗವಿಕಲರ ಸಂಘಟನೆಗಳು ಆಗ ಪ್ರತಿಭಟಿಸಿದವು.

ಕರ್ನಾಟಕದಲ್ಲಿ ಇದರ ಹೊಣೆ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯದು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಜನ ಅವರನ್ನು ‘ವಿಆರ್‌ಡಬ್ಲ್ಯು’ ಎಂದೇ ಕರೆಯುತ್ತಾರೆ; ಅವರಲ್ಲಿ ಹೆಚ್ಚಿನವರು ಸ್ವತಃ ಅಂಗವಿಕಲರು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಅರ್ಜಿಯಿಂದ ಶಿಬಿರದ ದಿನಾಂಕದವರೆಗೆ ಎಲ್ಲಕ್ಕೂ ಮೊದಲು ವಿಚಾರಿಸಬೇಕಾದ್ದು ಅವರನ್ನು. ಪಂಚಾಯಿತಿ ತನ್ನ ಅನುದಾನದಲ್ಲಿ ಶೇ. 5 ಅಂಗವಿಕಲರಿಗಾಗಿ ಖರ್ಚು ಮಾಡಬೇಕು. ಗ್ರಾಮಸಭೆಯಲ್ಲಿ ಅದರ ಲೆಕ್ಕ ಕೇಳಬಹುದು. ಬೆಂಗಳೂರಿನಲ್ಲಿ 1959ರಲ್ಲಿ ಎನ್. ಎಸ್. ಹೇಮಾ ಅವರು ಕಟ್ಟಿದ ದಿ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ ಮತ್ತು 1994ರ ಮೊಬಿಲಿಟಿ ಇಂಡಿಯಾ ಅಳತೆ ತೆಗೆದು ಸಾಧನ ಹೊಂದಿಸುವ ಕೆಲಸಕ್ಕೆ ಹೆಸರಾದವು.

ಶಿಬಿರಕ್ಕೆ ಹೋಗುವವರು ಆಧಾರ್, ಆದಾಯ ಪತ್ರ, ಯುಡಿಐಡಿ ಜೊತೆಗೆ ಮನೆಯ ಕೆಲವು ಅಳತೆಗಳನ್ನೂ ಬರೆದು ಒಯ್ಯಬೇಕು: ಬಾಗಿಲಿನ ಮತ್ತು ಬಚ್ಚಲ ಬಾಗಿಲಿನ ಅಗಲ, ಹೊಸಿಲಿನ ಎತ್ತರ, ಮಂಚದ ಎತ್ತರ. ಅಳೆಯುವ ಟೇಪು ಇಲ್ಲದಿದ್ದರೆ ದಾರಕ್ಕೆ ಗಂಟು ಹಾಕಿ ಒಯ್ದರೂ ನಡೆಯುತ್ತದೆ. ಬಳಸುವವರು ತಾವೇ ಹೋಗಿ, ಕುರ್ಚಿಯಲ್ಲಿ ಕೂತು, ಕ್ಯಾಲಿಪರ್ ತೊಟ್ಟು ನಾಲ್ಕು ಹೆಜ್ಜೆ ನಡೆದು, ಒತ್ತುವ ಜಾಗ ತೋರಿಸಿ ಸರಿಪಡಿಸಿಕೊಂಡ ಮೇಲೆಯೇ ಸ್ವೀಕೃತಿ ಪತ್ರಕ್ಕೆ ಸಹಿ ಹಾಕಬೇಕು.